ಅಳತೆ ತಪ್ಪದೆ ಸುರಿಯುವ ಬಗೆ

ದ್ರವಕ್ಕೆ ಗಾತ್ರವುಂಟು, ಆಕಾರವಿಲ್ಲ. ಇಟ್ಟ ಪಾತ್ರೆಯ ಆಕಾರವನ್ನೇ ಅದು ತಾಳುತ್ತದೆ. ಪಾತ್ರೆಯನ್ನು ಓರೆಮಾಡಿದೊಡನೆ ಹೊರಕ್ಕೆ ಧುಮುಕುತ್ತದೆ. ಬಟ್ಟೆಯನ್ನು ಅಳೆದು ಕತ್ತರಿಸಿ ಕೊಡುವಂತೆ, ತೆಂಗಿನಕಾಯಿಗಳನ್ನು ಎಣಿಸಿ ಕೊಡುವಂತೆ ದ್ರವವನ್ನು ಕತ್ತರಿಸಲೂ ಆಗದು, ಎಣಿಸಲೂ ಆಗದು. ಆದುದರಿಂದ ದೊಡ್ಡ ಪಾತ್ರೆಯೊಂದರಿಂದ ಬೇಕಾದಷ್ಟನ್ನೇ, ಹೆಚ್ಚೂ ಆಗದಂತೆ ಕಡಿಮೆಯೂ ಆಗದಂತೆ, ಹೊರತೆಗೆಯುವುದು ಮೇಲ್ನೋಟಕ್ಕೆ ತೋರುವಷ್ಟು ಸುಲಭವಾದ ಕೆಲಸವಲ್ಲ. ಇದಕ್ಕಾಗಿ ಮನುಷ್ಯನು ಬಹು ಹಿಂದಿನಿಂದಲೂ ಉಪಾಯಗಳನ್ನು ಹೂಡುತ್ತ ಬಂದಿದ್ದಾನೆ.

ಈ ಉಪಾಯಗಳನ್ನು ನೋಡಲು ನಾವು ದೂರ ಹೋಗಬೇಕಾಗಿಲ್ಲ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಹಳ್ಳಿಗಳಲ್ಲಿ ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ. ಬೆಳಗ್ಗೆಯೂ ಸಂಜೆಯೂ ರೈತರು ಹಾಲನ್ನು ತಂದು ಅಲ್ಲಿ ಹಾಕುತ್ತಾರೆ. ರೈತನಿಗೆ ಸಲ್ಲುವ ಹಣವು ಹಾಲಿನ ಮೊತ್ತವನ್ನಷ್ಟೇ ಅಲ್ಲದೆ ಅದರಲ್ಲಿರುವ ಕೊಬ್ಬಿನ ಅಂಶವನ್ನೂ ಅವಲಂಬಿಸುತ್ತದೆ. ಆ ಕೊಬ್ಬಿನ ಅಂಶವನ್ನು ತಿಳಿಯುವುದಾದರೋ ಕೆಲವೇ ಮಿಲಿಲೀಟರ್ ಹಾಲಿನ ಪರೀಕ್ಷೆಯಿಂದ. ಹೀಗೆ ಒಂದು ಸಂಸಾರದ ಆದಾಯವು ಒಂದು ಸಣ್ಣ ಗಾಜಿನ ಕೊಳವೆಯು ಎಷ್ಟು ಸರಿಯಾಗಿ ಸುರಿಯುತ್ತದೆ ಎಂಬುದನ್ನು ಆಶ್ರಯಿಸಿದೆ.

ದ್ರವವನ್ನು ಅಳೆದು ಕೊಡುವ ಉಪಾಯಗಳನ್ನು ಮುಖ್ಯವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಗೊತ್ತಾದ ಗಾತ್ರದ ಪಾತ್ರೆಯನ್ನು ತುಂಬಿ ಬರಿದುಮಾಡುವುದು ಮೊದಲನೆಯದು. ಹರಿವನ್ನು ಒಂದೇ ಸಮನಾಗಿಟ್ಟು ಕಾಲವನ್ನು ಎಣಿಸುವುದು ಎರಡನೆಯದು. ಕೊಳವೆಯೊಳಗೆ ಚಲಿಸುವ ಬೆಣೆಯೊಂದರಿಂದ ದ್ರವವನ್ನು ನೂಕುವುದು ಮೂರನೆಯದು. ಇವುಗಳನ್ನು ಒಂದೊಂದಾಗಿ ವಿಚಾರಿಸೋಣ.

ತುಂಬಿ ಸುರಿಯುವ ಅಳತೆಗಳು

ನಮ್ಮ ಹಿರಿಯರ ಕಾಲದಲ್ಲಿ ಹಾಲನ್ನೂ ಎಣ್ಣೆಯನ್ನೂ ಸೇರು, ಪಾವುಗಳಲ್ಲಿ ಅಳೆಯುತ್ತಿದ್ದರು. ಎಳೆಯ ಮಕ್ಕಳಿಗೆ ಹಾಲು, ಹರಳೆಣ್ಣೆಗಳನ್ನು ಕುಡಿಸುವ ಒಳಲೆಯೂ ಒಂದು ಬಗೆಯ ಅಳತೆಯೇ. 1956ರ ತೂಕ ಮತ್ತು ಅಳತೆಗಳ ಶಾಸನದ ತರುವಾಯ ದಶಮಾನ ಪದ್ಧತಿಯು ಹಂತಹಂತವಾಗಿ ಜಾರಿಗೆ ಬಂದು, ಲೀಟರ್ ಮಾಪನಗಳು ಸೇರು ಪಾವುಗಳ ಸ್ಥಾನವನ್ನು ಪಡೆದುವು. ಉದ್ದ ಹಿಡಿಯುಳ್ಳ ಅಳತೆಯ ಪಾತ್ರೆಯನ್ನು ಹಾಲಿನಲ್ಲಿ ಮುಳುಗಿಸಿ ಎತ್ತಿದರೆ ಹೆಚ್ಚಾದುದು ಅಂಚಿನಿಂದ ಹೊರಚೆಲ್ಲಿ, ಪಾತ್ರೆಯ ಗಾತ್ರದಷ್ಟು ಮಾತ್ರ ಉಳಿಯುತ್ತದೆ. ಇಲ್ಲಿ ಅಳತೆಯನ್ನು ತೀರ್ಮಾನಿಸುವುದು ಪಾತ್ರೆಯ ಅಂಚು.

ಆದರೆ ಅಗಲವಾದ ಬಾಯಿಯಿಂದ ಒಂದು ತೊಡಕುಂಟು. ಪಾತ್ರೆಯ ವ್ಯಾಸವು 10 ಸೆಂಟಿಮೀಟರ್ ಇದೆಯೆಂದು ಇಟ್ಟುಕೊಳ್ಳೋಣ. ಅದರ ಬಾಯಿಯ ವಿಸ್ತೀರ್ಣವು ಸುಮಾರು 78.5 ಚದರ ಸೆಂಟಿಮೀಟರ್. ಹಾಲಿನ ಮಟ್ಟವು ಅಂಚಿಗಿಂತ ಕೇವಲ 1 ಮಿಲಿಮೀಟರ್ ಕೆಳಗಿದ್ದರೂ ಸುಮಾರು 7.85 ಮಿಲಿಲೀಟರ್ ಕಡಿಮೆಯಾಗುತ್ತದೆ. ಹೀಗೆ ನೂರು ಸಲ ಅಳೆದರೆ ಮುಕ್ಕಾಲು ಲೀಟರಿಗಿಂತಲೂ ಹೆಚ್ಚು ಹಾಲು ಲೆಕ್ಕ ತಪ್ಪುತ್ತದೆ. ಇದರ ಜೊತೆಗೆ, ಆಗತಾನೆ ಕರೆದ ಹಾಲಿನ ನೊರೆಯೂ ಅಳತೆಯಲ್ಲಿ ಜಾಗವನ್ನು ಆಕ್ರಮಿಸುತ್ತದೆ. ತೂಗಿದರೆ ನೊರೆಯ ತೊಂದರೆಯಿಲ್ಲ. ಒಂದು ಲೀಟರ್ ಹಾಲಿನ ತೂಕವು ಸುಮಾರು 1.03 ಕಿಲೋಗ್ರಾಂ ಎಂದು ತಿಳಿದಿರುವುದರಿಂದ ತೂಕದಿಂದ ಗಾತ್ರವನ್ನು ಲೆಕ್ಕಹಾಕಬಹುದು.

ಗಾತ್ರವನ್ನೇ ನಿಖರವಾಗಿ ಅಳೆಯಬೇಕಾದಾಗ ಉಪಾಯವೇನು? ಮಟ್ಟವನ್ನು ನೋಡುವ ಸ್ಥಳದಲ್ಲಿ ಪಾತ್ರೆಯನ್ನು ಕಿರಿದುಮಾಡುವುದು. ಕಾಲೇಜಿನ ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಬಳಸುವ ಪಿಪೆಟ್ಟಿನ ಗುಟ್ಟು ಇದೇ. ಅದರ ನಡುವೆ ಉಬ್ಬಿದ ಬುರುಡೆ, ಮೇಲೆ ಸಣ್ಣ ಕೊಳವೆ, ಆ ಕೊಳವೆಯಲ್ಲಿ ಒಂದು ಗೆರೆ. ಕೊಳವೆಯ ವ್ಯಾಸವು 4 ಮಿಲಿಮೀಟರ್ ಇದ್ದರೆ, ಮಟ್ಟವು 1 ಮಿಲಿಮೀಟರ್ ತಪ್ಪಿದಾಗ ಆಗುವ ದೋಷವು ಸುಮಾರು 0.013 ಮಿಲಿಲೀಟರ್ ಮಾತ್ರ. ಕಣ್ಣು ಮಾಡುವ ತಪ್ಪು ಅಷ್ಟೇ ಇದ್ದರೂ ಅದರ ಫಲವು ಮೇಲೆ ಹೇಳಿದ ಪಾತ್ರೆಯಲ್ಲಿ ಆಗುವುದರ ಆರುನೂರರಲ್ಲಿ ಒಂದು ಭಾಗಕ್ಕೆ ಇಳಿಯಿತು.

ಗರ್ಬರ್ ಪರೀಕ್ಷೆ

ಹಾಲಿನ ಕೊಬ್ಬನ್ನು ಅಳೆಯುವ ಗರ್ಬರ್ ವಿಧಾನವನ್ನು ಸ್ವಿಟ್ಜರ್ಲೆಂಡಿನ ನಿಕ್ಲಾಸ್ ಗರ್ಬರನು 1891ರಲ್ಲಿ ರೂಪಿಸಿದನು. ಬ್ಯುಟಿರೋಮೀಟರ್ ಎಂಬ ವಿಶೇಷವಾದ ಗಾಜಿನ ನಳಿಗೆಯಲ್ಲಿ ಮೊದಲು 10 ಮಿಲಿಲೀಟರ್ ಗಂಧಕಾಮ್ಲವನ್ನೂ, ಅದರ ಮೇಲೆ 10.75 ಮಿಲಿಲೀಟರ್ ಹಾಲನ್ನೂ, ಕೊನೆಗೆ 1 ಮಿಲಿಲೀಟರ್ ಅಮೈಲ್ ಆಲ್ಕೊಹಾಲನ್ನೂ ಹಾಕುತ್ತಾರೆ. ಬಿರಡೆಯನ್ನು ಬಿಗಿದು ಅಲುಗಿಸಿದಾಗ ಆಮ್ಲವು ಹಾಲಿನ ಪ್ರೋಟೀನುಗಳನ್ನು ಕರಗಿಸಿ ಕೊಬ್ಬನ್ನು ಬಿಡುಗಡೆ ಮಾಡುತ್ತದೆ. ಬಳಿಕ ನಳಿಗೆಯನ್ನು ವೇಗವಾಗಿ ತಿರುಗುವ ಯಂತ್ರದಲ್ಲಿಟ್ಟು ಸುತ್ತಿಸಿದರೆ, ಹಗುರವಾದ ಕೊಬ್ಬು ಬೇರೆಯಾಗಿ, ಅಂಕಗಳನ್ನು ಕೊರೆದಿರುವ ಕಿರಿದಾದ ಕುತ್ತಿಗೆಯಲ್ಲಿ ನಿಲ್ಲುತ್ತದೆ. 65 ಡಿಗ್ರಿ ಸೆಂಟಿಗ್ರೇಡ್ ಉಷ್ಣತೆಯಲ್ಲಿ ಅದರ ಎತ್ತರವನ್ನು ಓದಿದರೆ ಶೇಕಡಾವಾರು ಕೊಬ್ಬು ನೇರವಾಗಿ ತಿಳಿಯುತ್ತದೆ.

ಹಾಲು 10.75 ಮಿಲಿಲೀಟರೇ ಏಕೆ ಎಂದು ವಾಚಕರು ಕೇಳಬಹುದು. ಅಷ್ಟು ಹಾಲಿನ ತೂಕವು ಸುಮಾರು 11.07 ಗ್ರಾಂ. ಅದರ ನೂರರಲ್ಲೊಂದು ಪಾಲು 0.111 ಗ್ರಾಂ. 65 ಡಿಗ್ರಿಯಲ್ಲಿ ಒಂದು ಮಿಲಿಲೀಟರ್ ಹಾಲಿನ ಕೊಬ್ಬು ಸುಮಾರು 0.89 ಗ್ರಾಂ ತೂಗುವುದರಿಂದ ಈ ಪಾಲಿನ ಗಾತ್ರವು 0.125 ಮಿಲಿಲೀಟರ್ ಆಗುತ್ತದೆ. ಬ್ಯುಟಿರೋಮೀಟರಿನ ಕುತ್ತಿಗೆಯಲ್ಲಿ ಶೇಕಡ 1ನ್ನು ತೋರಿಸುವ ಭಾಗದ ಗಾತ್ರವೂ ಇಷ್ಟೇ. ಪಿಪೆಟ್ಟಿಗೂ ನಳಿಗೆಯ ಅಂಕಗಳಿಗೂ ಹೀಗೆ ಬಿಡಿಸಲಾಗದ ನಂಟು ಇದೆ.

ಈ ನಂಟು ಕೆಟ್ಟರೆ ಆಗುವುದನ್ನು ನೋಡಿ. ಪರೀಕ್ಷಕನು 10.75ಕ್ಕೆ ಬದಲಾಗಿ 10 ಮಿಲಿಲೀಟರ್ ಹಾಲನ್ನು ಹಾಕಿದನೆನ್ನೋಣ. ಶೇಕಡ 4ರಷ್ಟು ಕೊಬ್ಬುಳ್ಳ ಹಾಲು ಆಗ ಶೇಕಡ 3.72 ಎಂದು ತೋರುತ್ತದೆ. ದಿನಕ್ಕೆ 10 ಲೀಟರ್ ಹಾಲು ಹಾಕುವ ರೈತನ ಲೆಕ್ಕದಿಂದ ದಿನವೊಂದಕ್ಕೆ ಸುಮಾರು 29 ಗ್ರಾಂ ಕೊಬ್ಬು ಮಾಯವಾಗುತ್ತದೆ. ವರ್ಷಕ್ಕೆ ಹತ್ತು ಕಿಲೋಗ್ರಾಮಿಗೂ ಮೀರುತ್ತದೆ. ಯಾರೂ ಮೋಸಮಾಡಲಿಲ್ಲ, ಹಸುವೂ ಹಾಲಿನಲ್ಲಿ ಕೊರತೆ ಮಾಡಲಿಲ್ಲ. ಒಂದು ಚಮಚದ ಅಲ್ಪ ಭಾಗವು ಕೊಳವೆಯಿಂದ ಇಳಿಯಲಿಲ್ಲ, ಅಷ್ಟೆ. ಹಾಲನ್ನು ಹೆಚ್ಚಾಗಿ ಹಾಕಿದರೆ ನಷ್ಟವು ಸಂಘದ ಪಾಲಿಗೆ ಬರುತ್ತದೆ. ಪಿಪೆಟ್ಟಿನ ಕೊನೆಯ ಹನಿಯ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಗೆರೆಯನ್ನು ಗುರುತಿಸುವಾಗ ಆ ಹನಿಯನ್ನು ಹೇಗೆ ಎಣಿಸಿದ್ದರೋ, ಬಳಸುವಾಗಲೂ ಹಾಗೆಯೇ ನಡೆಸಬೇಕು.

ಓರೆಮಾಡಿದರೆ ತಾನೇ ಅಳೆಯುವ ಸೀಸೆ

ಹಾಲನ್ನು ಪಿಪೆಟ್ಟಿನಿಂದ ಅಳೆಯುತ್ತೇವೆ. ಆದರೆ ಗಂಧಕಾಮ್ಲವನ್ನು ಬಾಯಿಯಿಂದ ಹೀರುವುದುಂಟೇ? ಈ ಪರೀಕ್ಷೆಯ ಆಮ್ಲವು ನೂರಕ್ಕೆ ತೊಂಬತ್ತರಷ್ಟು ಪ್ರಬಲವಾದುದು; ಮೈಗೆ ತಾಗಿದರೆ ಚರ್ಮವನ್ನು ಸುಡುತ್ತದೆ. ಬೆಳಗಿನ ಹೊತ್ತು ಸಾಲುಸಾಲಾಗಿ ನಿಂತವರ ಹಾಲನ್ನು ಪರೀಕ್ಷಿಸಬೇಕಾದವನು ಪ್ರತಿಯೊಂದು ನಳಿಗೆಗೂ ಇಂತಹ ಆಮ್ಲವನ್ನು ಬೇಗನೆ ಅಳೆದು ಹಾಕಬೇಕು.

ಇದಕ್ಕಾಗಿ ಓರೆಮಾಪಕವೆಂಬ ಸರಳವಾದ ಉಪಕರಣವನ್ನು ಕಂಡುಹಿಡಿದರು. ಆಮ್ಲದ ಸೀಸೆಯ ಕುತ್ತಿಗೆಗೆ 10 ಮಿಲಿಲೀಟರ್ ಹಿಡಿಸುವ ಗಾಜಿನ ಬುರುಡೆಯೊಂದನ್ನು ಜೋಡಿಸಿರುತ್ತದೆ. ಸೀಸೆಯನ್ನು ಒಂದು ಕಡೆಗೆ ಓರೆಮಾಡಿದರೆ ಬುರುಡೆಯು ತುಂಬುತ್ತದೆ. ನೆಟ್ಟಗೆ ಹಿಡಿದಾಗ ಹೆಚ್ಚಾದ ಆಮ್ಲವು ಒಳಗಿನ ಕೊಳವೆಯ ತುದಿಯವರೆಗೆ ಇಳಿದು ಸೀಸೆಗೆ ಹಿಂತಿರುಗುತ್ತದೆ. ಪುನಃ ಮೂತಿಯ ಕಡೆಗೆ ಬಾಗಿಸಿದಾಗ ಬುರುಡೆಯಲ್ಲಿ ಉಳಿದ 10 ಮಿಲಿಲೀಟರ್ ಮಾತ್ರ ಹೊರಬೀಳುತ್ತದೆ. ಇದರ ರಚನೆಯಲ್ಲಿ ಕೆಲವು ಭೇದಗಳುಂಟು; ತತ್ತ್ವವು ಒಂದೇ. ಹಾಲಿನ ಅಂಗಡಿಯ ಅಳತೆಪಾತ್ರೆಯಲ್ಲಿ ಅಂಚು ಮಾಡುವ ಕೆಲಸವನ್ನು ಇಲ್ಲಿ ಕೊಳವೆಯ ತುದಿಯು ಮಾಡುತ್ತದೆ. ಹೆಚ್ಚಾದುದು ನೆಲಕ್ಕೆ ಚೆಲ್ಲದೆ ತಾನಿದ್ದ ಸೀಸೆಗೇ ಮರಳುವುದು ಇದರ ವಿಶೇಷ.

ಓರೆಮಾಪಕವು ಪಿಪೆಟ್ಟಿನಷ್ಟು ನಿಖರವಲ್ಲ. ಹಾಗಿರಬೇಕಾದ ಅಗತ್ಯವೂ ಇಲ್ಲ. ಆಮ್ಲವು ಸ್ವಲ್ಪ ಹೆಚ್ಚುಕಡಿಮೆಯಾದರೂ ಪ್ರೋಟೀನುಗಳು ಕರಗುತ್ತವೆ. ಓದುವ ಅಂಕಕ್ಕೆ ಅಷ್ಟಾಗಿ ಬಾಧೆಯಿಲ್ಲ. ಹಾಲಿನ ಅಳತೆಯಾದರೋ ನೇರವಾಗಿ ಬೆಲೆಗೆ ತಗಲುತ್ತದೆ. ಎಲ್ಲಿ ನಿಖರತೆ ಮುಖ್ಯ, ಎಲ್ಲಿ ಸುರಕ್ಷತೆ ಮುಖ್ಯ ಎಂಬುದನ್ನು ತಿಳಿದು ಅದಕ್ಕೆ ತಕ್ಕ ಉಪಕರಣವನ್ನು ಆರಿಸುವುದೇ ವಿಜ್ಞಾನದ ಜಾಣ್ಮೆ.

ಹರಿವು ಮತ್ತು ಕಾಲ

ಇನ್ನು ಎರಡನೆಯ ಬಗೆ. ಚನ್ನರಾಯಪಟ್ಟಣದ ಕಡೆಯ ಮೈದಾನ ಸೀಮೆಯಲ್ಲಿ ಕೆರೆಗಳು ಅನೇಕ. ಕೆರೆಯೂ ಒಂದು ಬೃಹತ್ ಪಾತ್ರೆಯಷ್ಟೆ. ಅದರಿಂದ ಗದ್ದೆಗಳಿಗೆ ನೀರನ್ನು ಅಳೆದು ಬಿಡುವ ಸಾಧನವು ತೂಬು. ಹಳೆಯ ತೂಬುಗಳಲ್ಲಿ ಎರಡು ಕಲ್ಲುಕಂಬಗಳ ನಡುವೆ ಇಳಿಬಿಟ್ಟ ಗಳುವಿನ ತುದಿಯ ಬೆಣೆಯು ಕೆಳಗಿನ ರಂಧ್ರವನ್ನು ಮುಚ್ಚುತ್ತದೆ. ಗಳುವನ್ನು ಎಷ್ಟು ಎತ್ತಿದರೆ ಅಷ್ಟು ದಾರಿ ತೆರೆಯುತ್ತದೆ.

ಆದರೆ ರಂಧ್ರವು ಅಷ್ಟೇ ಇದ್ದರೂ ಹರಿವು ಅಷ್ಟೇ ಇರುವುದಿಲ್ಲ. ಇಟಲಿಯ ಟೊರಿಚೆಲ್ಲಿಯು 1644ರಲ್ಲಿ ಪ್ರಕಟಿಸಿದ ನಿಯಮದಂತೆ, ಹೊರಹರಿವಿನ ವೇಗವು ರಂಧ್ರದ ಮೇಲಿನ ನೀರಿನ ಎತ್ತರದ ವರ್ಗಮೂಲಕ್ಕೆ ಅನುಗುಣವಾಗಿರುತ್ತದೆ. ಘರ್ಷಣೆಯನ್ನು ಗಣಿಸದಿದ್ದರೆ, 4 ಮೀಟರ್ ಎತ್ತರದ ನೀರು ಸೆಕೆಂಡಿಗೆ ಸುಮಾರು 8.9 ಮೀಟರ್ ವೇಗದಿಂದಲೂ, 1 ಮೀಟರ್ ಎತ್ತರದ ನೀರು ಅದರ ಅರ್ಧ ವೇಗದಿಂದಲೂ ಹೊರಬರುತ್ತದೆ. ಆದುದರಿಂದ ಕೆರೆಯ ಮಟ್ಟವು ಇಳಿದಂತೆಲ್ಲ ನೀರುಗಂಟಿಯು ತೂಬನ್ನು ಹೆಚ್ಚು ತೆರೆಯಬೇಕು; ಇಲ್ಲವೆ ಹೆಚ್ಚು ಹೊತ್ತು ಬಿಡಬೇಕು. ಗೊರೂರಿನ ಬಳಿ ಹೇಮಾವತಿಗೆ ಅಡ್ಡಲಾಗಿ ಕಟ್ಟಿ 1979ರಲ್ಲಿ ಮುಗಿಸಿದ ಅಣೆಕಟ್ಟಿನಿಂದ ನಾಲೆಗಳಿಗೆ ನೀರು ಬಿಡುವಾಗಲೂ ಈ ನಿಯಮವನ್ನು ಮರೆಯುವಂತಿಲ್ಲ.

ಪಾತ್ರೆ ಚಿಕ್ಕದಾದರೆ ಈ ತೊಡಕನ್ನು ಒಂದು ಯುಕ್ತಿಯಿಂದ ನಿವಾರಿಸಬಹುದು. ಹದಿನೇಳನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಮಾರಿಯಟ್ಟನ ಹೆಸರಿನಿಂದ ಕರೆಯುವ ಸೀಸೆಯಲ್ಲಿ ಬಾಯಿಯು ಬಿರಡೆಯಿಂದ ಭದ್ರವಾಗಿ ಮುಚ್ಚಿರುತ್ತದೆ. ಬಿರಡೆಯ ಮೂಲಕ ಎರಡೂ ತುದಿ ತೆರೆದಿರುವ ಕೊಳವೆಯೊಂದು ದ್ರವದೊಳಕ್ಕೆ ಇಳಿದಿರುತ್ತದೆ. ಕೆಳಗಿನ ರಂಧ್ರದಿಂದ ದ್ರವವು ಹರಿದಂತೆ ಗಾಳಿಯು ಕೊಳವೆಯ ಕೆಳತುದಿಯಿಂದ ಗುಳ್ಳೆಗಳಾಗಿ ಒಳಸೇರುತ್ತದೆ. ಆ ತುದಿಯಲ್ಲಿ ಒತ್ತಡವು ಸದಾ ಹೊರಗಿನ ವಾಯುವಿನ ಒತ್ತಡಕ್ಕೆ ಸಮ. ಆದಕಾರಣ ಹರಿವಿನ ವೇಗವು ರಂಧ್ರಕ್ಕೂ ಕೊಳವೆಯ ತುದಿಗೂ ಇರುವ ಅಂತರವನ್ನೇ ಅವಲಂಬಿಸಿ, ದ್ರವದ ಮಟ್ಟವು ಕೊಳವೆಯ ತುದಿಗೆ ಇಳಿಯುವ ತನಕ ಸ್ಥಿರವಾಗಿರುತ್ತದೆ. ಒಂದು ಸೀಸೆ, ಬಿರಡೆ ಮತ್ತು ಹೀರುಗೊಳವೆಯಿಂದ ವಿದ್ಯಾರ್ಥಿಗಳು ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ನಿಮಿಷಕ್ಕೊಮ್ಮೆ ಬಿದ್ದ ನೀರನ್ನು ಅಳೆದು, ಬಿರಡೆಯನ್ನು ತೆಗೆದು ಮತ್ತೊಮ್ಮೆ ಅಳೆದರೆ ವ್ಯತ್ಯಾಸವು ಸ್ಪಷ್ಟವಾಗುತ್ತದೆ.

ಆಸ್ಪತ್ರೆಯಲ್ಲಿ ರೋಗಿಯ ರಕ್ತನಾಳಕ್ಕೆ ದ್ರವವನ್ನು ಹನಿಹನಿಯಾಗಿ ಕೊಡುವುದೂ ಈ ಬಗೆಗೇ ಸೇರಿದುದು. ಒಂದು ಮಿಲಿಲೀಟರಿಗೆ 20 ಹನಿ ಬೀಳುವ ಕೊಳವೆಯಿಂದ 500 ಮಿಲಿಲೀಟರನ್ನು 4 ಗಂಟೆಗಳಲ್ಲಿ ಕೊಡಬೇಕಾದರೆ ನಿಮಿಷಕ್ಕೆ ಸುಮಾರು 42 ಹನಿ ಬೀಳಬೇಕು. ದಾದಿಯು ಗಡಿಯಾರವನ್ನು ನೋಡುತ್ತ ಹನಿಗಳನ್ನು ಎಣಿಸುವುದು ಇದಕ್ಕಾಗಿಯೇ.

ಬೆಣೆ ಮತ್ತು ಬಿಲ್ಲೆ

ಮೂರನೆಯ ಬಗೆಯಲ್ಲಿ ಪಿಸ್ಟನ್ ಎಂಬ ಆಡುಬೆಣೆಯು ಕೊಳವೆಯೊಳಗೆ ಸರಿದಷ್ಟು ದೂರಕ್ಕೆ ತಕ್ಕ ದ್ರವವು ಹೊರಬರುತ್ತದೆ. ವೈದ್ಯರ ಪಿಚಕಾರಿಯು ಇದರ ಸರಳ ರೂಪ. ಅಮೆರಿಕದ ಸಿಲ್ವೇನಸ್ ಬೌಸರನು 1885ರಲ್ಲಿ ಸೀಮೆಎಣ್ಣೆಯನ್ನು ಅಳೆದು ಕೊಡುವ ಪಂಪನ್ನು ನಿರ್ಮಿಸಿದನು. ಬೆಂಗಳೂರಿನಿಂದ ಚನ್ನರಾಯಪಟ್ಟಣ, ಹಾಸನಗಳ ಮೂಲಕ ಮಂಗಳೂರಿಗೆ ಹೋಗುವ ಹೆದ್ದಾರಿಯ ಪೆಟ್ರೋಲ್ ಪಂಪುಗಳು ಆ ಸಂತತಿಯವೇ. ಅವುಗಳ ಮೇಲೆ ಸಂಶಯ ಬಂದರೆ 5 ಲೀಟರಿನ ಮುದ್ರೆಯೊತ್ತಿದ ಅಳತೆಪಾತ್ರೆಗೆ ಸುರಿಸಿ ನೋಡುವಂತೆ ಗ್ರಾಹಕನು ಕೇಳಬಹುದು. ಯಂತ್ರದ ಸಾಕ್ಷಿಗೂ ಕೊನೆಗೆ ಪಾತ್ರೆಯ ಅಂಚೇ ಆಧಾರ.

ಕೈಯ ನೆರವಿಲ್ಲದೆ ಅಳೆದು ಕೊಡುವ ಬಯಕೆಯೂ ಹೊಸದಲ್ಲ. ಒಂದನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬಾತನು ನಾಣ್ಯ ಹಾಕಿದರೆ ದೇವಾಲಯದ ಪವಿತ್ರ ಜಲವನ್ನು ಕೊಡುವ ಯಂತ್ರವನ್ನು ವರ್ಣಿಸಿದ್ದಾನೆ. ನಾಣ್ಯವು ಸನ್ನೆಯ ತುದಿಗೆ ಬಿದ್ದು ಕವಾಟವನ್ನು ತೆರೆಯುತ್ತದೆ. ಅದು ಜಾರಿ ಬಿದ್ದೊಡನೆ ಕವಾಟವು ಮುಚ್ಚುತ್ತದೆ. 1974ರಲ್ಲಿ ಸ್ಥಾಪಿತವಾದ ದೆಹಲಿಯ ಮದರ್ ಡೈರಿಯ ಮಳಿಗೆಗಳಲ್ಲಿ ಬಿಲ್ಲೆ ಹಾಕಿದರೆ ಹಾಲು ಸುರಿಯುವ ಯಂತ್ರಗಳು ಬಳಕೆಗೆ ಬಂದುವು.

ಇಂದು ಅನೇಕ ಹಾಲು ಸಂಘಗಳಲ್ಲಿ ಗರ್ಬರ್ ನಳಿಗೆಯ ಸ್ಥಾನಕ್ಕೆ ವಿದ್ಯುನ್ಮಾನ ಉಪಕರಣಗಳು ಬಂದಿವೆ. ಇವುಗಳಲ್ಲಿ ಕೆಲವು, ಕಿವಿಗೆ ಕೇಳಿಸದ ಶ್ರವಣಾತೀತ ಶಬ್ದವನ್ನು ಹಾಲಿನಲ್ಲಿ ಹಾಯಿಸಿ, ಅದು ಚಲಿಸುವ ವೇಗದಿಂದ ಕೊಬ್ಬನ್ನು ಲೆಕ್ಕಹಾಕುತ್ತವೆ. ಆಮ್ಲದ ಅಪಾಯವಿಲ್ಲ, ಕೆಲವು ಕ್ಷಣಗಳಲ್ಲಿ ಉತ್ತರವು ದೊರೆಯುತ್ತದೆ. ಆದರೆ ಆ ಉಪಕರಣಕ್ಕೆ ಯಾವ ವೇಗಕ್ಕೆ ಎಷ್ಟು ಕೊಬ್ಬೆಂದು ಮೊದಲು ಕಲಿಸಬೇಕು; ಆಗಾಗ್ಗೆ ಅದನ್ನು ಸರಿನೋಡಬೇಕು. ಅದಕ್ಕಾಗಿ ಅದೇ ಹಾಲನ್ನು ಗರ್ಬರ್ ಮೊದಲಾದ ಪ್ರಮಾಣವಿಧಾನಗಳಿಂದ ಪರೀಕ್ಷಿಸಿ ಹೋಲಿಸುತ್ತಾರೆ. ಪರದೆಯ ಮೇಲೆ ಮೂಡುವ ಅಂಕವನ್ನು ನಂಬಿ ರೈತನು ಮನೆಗೆ ಮರಳುವಾಗ, ಎಲ್ಲೋ ಒಂದು ಪ್ರಯೋಗಶಾಲೆಯಲ್ಲಿ ಯಾರೋ ಒಬ್ಬರು 10.75 ಮಿಲಿಲೀಟರಿನ ಗೆರೆಗೆ ಕಣ್ಣನ್ನು ಸಮಮಾಡಿ ಹಾಲಿನ ಮಟ್ಟವನ್ನು ನೋಡುತ್ತಿರುತ್ತಾರೆ.