ಚೆಸ್ ಎಂಜಿನ್ ಕೋಡಿನ ಪರೀಕ್ಷೆ ನಡೆಯುವ ಬಗೆ

ಹಲಗೆಯ ಮೇಲಿನ ಸ್ಥಿತಿಯನ್ನು ನೋಡಿ ಮುಂದಿನ ಒಳ್ಳೆಯ ನಡೆಯನ್ನು ಹುಡುಕಿಕೊಡುವ ಪ್ರೋಗ್ರಾಮೇ ಚೆಸ್ ಎಂಜಿನ್. ಮೊಬೈಲಿನಲ್ಲಿ ಆಟ ಮುಗಿದ ಮೇಲೆ ಎಲ್ಲಿ ಎಡವಿದಿರಿ ಎಂದು ತೋರಿಸುವುದು ಇದೇ. ಎಂಜಿನ್ ಬರೆಯುವವರಲ್ಲಿ ಬಹಳಷ್ಟು ಜನ ಹವ್ಯಾಸಿಗಳು. ಹೊಟ್ಟೆಪಾಡಿಗೆ ಬೇರೆ ಕೆಲಸ ಮಾಡಿಕೊಂಡು, ಬಿಡುವಿನಲ್ಲಿ ಇದನ್ನು ಹಚ್ಚಿಕೊಂಡವರು. ಜಗತ್ತಿನ ಅತಿ ಬಲಿಷ್ಠ ಎಂಜಿನ್‌ಗಳಲ್ಲಿ ಒಂದಾದ ಸ್ಟಾಕ್‌ಫಿಶ್ ಬೆಳೆದದ್ದೂ ಹೀಗೆಯೇ. ನಾರ್ವೆಯ ಟೋರ್ಡ್ ರೊಮ್‌ಸ್ಟಾಡ್ ಬರೆದಿದ್ದ ಮುಕ್ತ ಎಂಜಿನ್ ಗ್ಲಾರಂಗ್ ಅನ್ನು ಇಟಲಿಯ ಮಾರ್ಕೊ ಕೊಸ್ತಾಲ್ಬಾ ತಿದ್ದಿ, 2008ರಲ್ಲಿ ಹೊಸ ಹೆಸರಿನಲ್ಲಿ ಹೊರತಂದರು. ಆಮೇಲೆ ಎಷ್ಟೋ ಜನ ಅದಕ್ಕೆ ಕೈಜೋಡಿಸಿದ್ದಾರೆ. ಒಬ್ಬರು ಬರೆದ ಕೋಡನ್ನು ಉಳಿದವರು ಓದಿ, ಪರೀಕ್ಷಿಸಿ, ಒಪ್ಪಿದ ಮೇಲೆಯೇ ಅದು ಎಂಜಿನ್ನಿಗೆ ಸೇರುತ್ತದೆ.

ಮೊದಲು ನೋಡುವುದು ಎಂಜಿನ್ನಿಗೆ ಆಟದ ನಿಯಮ ಸರಿಯಾಗಿ ಗೊತ್ತಿದೆಯೇ ಎಂಬುದನ್ನು. ಒಂದು ಹೋಲಿಕೆ ನೋಡಿ: ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು ಕುದುರೆ ನಡೆಯ ಬಂಧಗಳನ್ನು ರಚಿಸಿದ್ದರು. ಕುದುರೆ 64 ಮನೆಗಳನ್ನೂ ಒಂದೊಂದೇ ಸಲ ಮುಟ್ಟಿದೆಯೇ ಎಂಬುದನ್ನು ಪೆನ್ಸಿಲ್ ಹಿಡಿದ ಯಾರು ಬೇಕಾದರೂ ನೋಡಿ ಹೇಳಬಹುದು. ನಿಯಮದ ಪರೀಕ್ಷೆಯೂ ಅಷ್ಟೇ ಖಚಿತ. ಆಟದ ಆರಂಭದಲ್ಲಿ ಬಿಳಿಗೆ 20 ನಡೆಗಳಿವೆ. ಎರಡೂ ಕಡೆಯ ಒಂದೊಂದು ನಡೆ ಸೇರಿದರೆ 400 ದಾರಿ, ಮೂರನೆಯ ನಡೆಗೆ 8,902, ನಾಲ್ಕನೆಯದಕ್ಕೆ 1,97,281. ಈ ಎಣಿಕೆಗೆ ಪರ್ಫ್ಟ್ ಎಂದು ಹೆಸರು. ಎಂಜಿನ್ ಕೊಡುವ ಲೆಕ್ಕದಲ್ಲಿ ಒಂದೇ ಒಂದು ಹೆಚ್ಚುಕಮ್ಮಿಯಾದರೂ ಎಲ್ಲೋ ದೋಷವಿದೆ ಎಂದೇ ಅರ್ಥ.

ಪಳಗಿದವರನ್ನೂ ಕಾಡುವ ದೋಷವೊಂದು ಹೀಗಿದೆ. ಬಿಳಿ ರಾಜ ಎ5ರಲ್ಲಿ, ಬಿಳಿ ಕಾಲಾಳು ಬಿ5ರಲ್ಲಿ, ಕಪ್ಪು ಆನೆ ಎಚ್5ರಲ್ಲಿ ಇವೆ. ಕಪ್ಪು ಕಾಲಾಳು ಸಿ7ರಿಂದ ಸಿ5ಕ್ಕೆ ಜಿಗಿಯುತ್ತದೆ. ‘ಎನ್ ಪಾಸಾಂ’ ನಿಯಮದ ಪ್ರಕಾರ ಬಿಳಿ ಕಾಲಾಳು ಸಿ6ಕ್ಕೆ ಹೋಗಿ ಅದನ್ನು ಹೊಡೆಯಬಹುದು ಎನ್ನಿಸುತ್ತದೆ. ಆದರೆ ಹಾಗೆ ಹೊಡೆದರೆ ಐದನೆಯ ಸಾಲಿನಿಂದ ಎರಡೂ ಕಾಲಾಳುಗಳು ಒಟ್ಟಿಗೆ ಮಾಯವಾಗಿ, ರಾಜ ಆನೆಯ ಬಾಯಿಗೆ ಬೀಳುತ್ತಾನೆ. ಆದ್ದರಿಂದ ಆ ನಡೆ ನಿಷಿದ್ಧ. ರಾಜನಿಗೆ ಅಡ್ಡ ನಿಂತ ಒಂದೇ ಕಾಯಿಯನ್ನು ಗಮನಿಸುವ ಕೋಡಿಗೆ ಇದು ಕಾಣುವುದಿಲ್ಲ. ಹಿಂದೊಮ್ಮೆ ಇದೇ ಹಳ್ಳಕ್ಕೆ ಬಿದ್ದು ಎದ್ದವರು ಕೋಡನ್ನು ಓದಿದರೆ ತಕ್ಷಣ ಹಿಡಿಯುತ್ತಾರೆ.

ಎಂಜಿನ್ ಬಲಗೊಂಡಿದೆಯೇ ಎಂಬ ಪ್ರಶ್ನೆಗೆ ಮಾತ್ರ ಓದಿನಿಂದ ಉತ್ತರ ಸಿಗದು. ಬುದ್ಧಿವಂತಿಕೆಯಂತೆ ಕಾಣುವ ಬದಲಾವಣೆ ಎಂಜಿನ್ನನ್ನು ದುರ್ಬಲಗೊಳಿಸಬಹುದು. ಒಂದು ಬದಲಾವಣೆಯಿಂದ ಸಿಗುವ ಲಾಭ ಎಷ್ಟೋ ಸಲ, ಆಟದ ಬಲ ಅಳೆಯುವ ಎಲೊ ಮಾಪನದಲ್ಲಿ, ಎರಡೇ ಅಂಕ. ಅಂದರೆ ಗೆಲುವು–ಡ್ರಾ ಸೇರಿದ ಗಳಿಕೆ ಶೇ. 50ರಿಂದ ಸುಮಾರು 50.3ಕ್ಕೆ ಏರುತ್ತದೆ, ಅಷ್ಟೇ. ಅರ್ಧದಷ್ಟು ಆಟಗಳು ಡ್ರಾ ಆಗುತ್ತವೆ ಎಂದುಕೊಂಡರೆ, 100 ಆಟಗಳ ಫಲಿತಾಂಶದಲ್ಲಿ ಅದೃಷ್ಟದ ಪಾಲೇ ಆಚೀಚೆ 50 ಎಲೊದಷ್ಟಿರುತ್ತದೆ. ಎರಡು ಅಂಕದ ವ್ಯತ್ಯಾಸ ತಿಳಿಯಲು ಹತ್ತಾರು ಸಾವಿರ ಆಟ ಬೇಕು.

ಇದಕ್ಕಾಗಿ ಗ್ಯಾರಿ ಲಿನ್ಸ್‌ಕಾಟ್ 2013ರಲ್ಲಿ ಫಿಶ್‌ಟೆಸ್ಟ್ ಎಂಬ ವ್ಯವಸ್ಥೆ ಕಟ್ಟಿದರು. ಸ್ವಯಂಸೇವಕರ ಕಂಪ್ಯೂಟರ್‌ಗಳಲ್ಲಿ ಸ್ಟಾಕ್‌ಫಿಶ್‌ನ ಹಳೆಯ ಮತ್ತು ಹೊಸ ಆವೃತ್ತಿಗಳು ಎದುರಾಳಿಗಳಾಗಿ ಆಡುತ್ತವೆ. ಹೊಸದುರ್ಗ ತಾಲ್ಲೂಕಿನ ಶ್ರೀರಾಂಪುರದಲ್ಲಿ ಕುಳಿತವರೂ ತಮ್ಮ ಯಂತ್ರವನ್ನು ಇದಕ್ಕೆ ಕೊಡಬಹುದು. ನಡುವೆ ಕರೆಂಟ್ ಹೋದರೆ ಉಳಿದ ಆಟಗಳು ಬೇರೊಂದು ಯಂತ್ರದ ಪಾಲಾಗುತ್ತವೆ. ಎಷ್ಟು ಆಟ ಸಾಕು ಎಂಬುದನ್ನು ನಿರ್ಧರಿಸುವುದು ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಬ್ರಹಾಂ ವಾಲ್ಡ್ ರೂಪಿಸಿದ ಸಂಖ್ಯಾಶಾಸ್ತ್ರದ ವಿಧಾನ. ಪುರಾವೆ ಗಟ್ಟಿಯಾದ ಕೂಡಲೇ ಪರೀಕ್ಷೆ ನಿಲ್ಲುತ್ತದೆ. ಸಾಮಾನ್ಯವಾಗಿ ಬದಲಾವಣೆಯೊಂದು ಮೊದಲು ಪ್ರತಿ ಆಟಗಾರನಿಗೆ ಹತ್ತು ಸೆಕೆಂಡಿನ ಚುರುಕು ಆಟದಲ್ಲಿ, ಅಲ್ಲಿ ಪಾಸಾದರೆ ಒಂದು ನಿಮಿಷದ ಆಟದಲ್ಲಿ ಗೆಲ್ಲಬೇಕು.

ಅಲ್ಲಿ ಗೆದ್ದರೂ ಓದುವವರ ಕೆಲಸ ಮುಗಿಯುವುದಿಲ್ಲ. ಕೋಡ್ ಅಚ್ಚುಕಟ್ಟಾಗಿದೆಯೇ, ಮುಂದೆ ತಿದ್ದುವವರಿಗೆ ಅರ್ಥವಾದೀತೇ ಎಂದು ಅವರು ನೋಡುತ್ತಾರೆ. ಕೋಡ್ ತೆಗೆದುಹಾಕುವುದಕ್ಕೂ ಇಲ್ಲಿ ಬೆಲೆಯಿದೆ: ಹಳೆಯ ಸಾಲುಗಳನ್ನು ಅಳಿಸಿದರೂ ಬಲ ಕುಗ್ಗದಿದ್ದರೆ ಅದೂ ಒಪ್ಪಿಗೆಯಾಗುತ್ತದೆ. ಗೊತ್ತುಪಡಿಸಿದ ಕೆಲವು ಸ್ಥಿತಿಗಳಲ್ಲಿ ಎಂಜಿನ್ ಒಟ್ಟು ಎಷ್ಟು ಮುಂದಿನ ಸ್ಥಿತಿಗಳನ್ನು ಹುಡುಕಿ ನೋಡಿತು ಎಂಬ ‘ಬೆಂಚ್’ ಸಂಖ್ಯೆಯೂ ಉಪಯೋಗಕ್ಕೆ ಬರುತ್ತದೆ. ಬರೀ ಓರಣ ಮಾಡಿದ್ದೇನೆ ಎಂದವರ ಕೋಡಿನಲ್ಲಿ ಈ ಸಂಖ್ಯೆ ಬದಲಾಗಿದ್ದರೆ, ಓರಣದ ಜೊತೆಗೆ ಇನ್ನೇನೋ ಆಗಿದೆ ಎಂದು ತಿಳಿಯುತ್ತದೆ.

ಕೋಡನ್ನು ಇತರರು ಓದುವುದು ಕೃತಿಚೌರ್ಯದ ವಿಚಾರಣೆಗೂ ನೆರವಾಗಿದೆ. ಅಂತರರಾಷ್ಟ್ರೀಯ ಕಂಪ್ಯೂಟರ್ ಆಟಗಳ ಸಂಘ 2011ರಲ್ಲಿ, ವಾಸಿಕ್ ರಾಜ್ಲಿಚ್ ಅವರ ರಿಬ್ಕಾ ಎಂಜಿನ್ ಫ್ರೂಟ್ ಮತ್ತು ಕ್ರಾಫ್ಟಿ ಎಂಜಿನ್‌ಗಳ ಕೋಡನ್ನು ಬಳಸಿಕೊಂಡಿದೆ ಎಂದು ತೀರ್ಮಾನಿಸಿ, 2007ರಿಂದ 2010ರವರೆಗಿನ ವಿಶ್ವ ಪ್ರಶಸ್ತಿಗಳನ್ನು ಹಿಂತೆಗೆದುಕೊಂಡಿತು. ರಾಜ್ಲಿಚ್ ಆರೋಪವನ್ನು ಒಪ್ಪಲಿಲ್ಲ. ಆ ವಿಚಾರಣೆಗೆ ಆಧಾರವಾದದ್ದು ಬೇರೆ ಎಂಜಿನ್ ಬರೆದವರು ಮಾಡಿದ ಕೋಡ್ ಹೋಲಿಕೆ.

2020ರ ಸೆಪ್ಟೆಂಬರಿನಲ್ಲಿ ಬಂದ ಸ್ಟಾಕ್‌ಫಿಶ್ 12ರಲ್ಲಿ, ಸ್ಥಿತಿಯ ಬೆಲೆಕಟ್ಟುವ ಕೆಲಸಕ್ಕೆ ನರಜಾಲ (ನ್ಯೂರಲ್ ನೆಟ್‌ವರ್ಕ್) ಬಂತು. 2018ರಲ್ಲಿ ಜಪಾನಿನ ಯು ನಾಸು, ಚೆಸ್ಸಿನಂಥ ಶೋಗಿ ಆಟಕ್ಕಾಗಿ ರೂಪಿಸಿದ ವಿಧಾನವಿದು. ಹಿಂದೆ ಮನುಷ್ಯರೇ ಬರೆಯುತ್ತಿದ್ದ ‘ರಾಜನ ಮುಂದೆ ಕಾಲಾಳಿಲ್ಲದಿದ್ದರೆ ಇಷ್ಟು ಅಂಕ ಕಳೆ’ ಎಂಬಂಥ ಸಾಲನ್ನು ಓದಿ ವಾದಿಸಬಹುದಿತ್ತು. ನರಜಾಲದ ಲಕ್ಷಾಂತರ ಸಂಖ್ಯೆಗಳ ಜೊತೆ ವಾದಿಸಲಾಗದು. ಅವುಗಳ ಗುಣ ತಿಳಿಯುವುದು ಆಡಿಸಿ ನೋಡಿದಾಗಲೇ. ಜಾಲವನ್ನು ತರಬೇತುಗೊಳಿಸುವ ಕೋಡು, ಅದನ್ನು ವೇಗವಾಗಿ ಓಡಿಸುವ ಕೋಡು, ನಡೆಗಳನ್ನು ಹುಡುಕುವ ಕೋಡು ಇವೆಲ್ಲ ಈಗಲೂ ಮನುಷ್ಯರೇ ಓದಿ ಒಪ್ಪಬೇಕಾದವು.