ರೊಟ್ಟಿ, ತಂಬಿಗೆ ಮತ್ತು ಅರ್ಧ ಗಂಟೆ

ತಡಸ ಕ್ರಾಸಿನಿಂದ ಹಾನಗಲ್ಲಿನವರೆಗೆ ಯಾವ ಮನೆಯಲ್ಲಿ ಊಟಕ್ಕೆ ಕುಳಿತರೂ ಗಂಗಾಳಕ್ಕಿಂತ ಮುಂಚೆ ಬರುವುದು ನೀರಿನ ತಂಬಿಗೆ. ಖಡಕ್ ಜೋಳದ ರೊಟ್ಟಿ, ಪುಂಡಿ ಪಲ್ಯ, ಬ್ಯಾಡಗಿ ಮೆಣಸಿನಕಾಯಿಯ ಚಟ್ನಿ ಗಂಟಲಿಳಿಯಬೇಕಾದರೆ ನಡುನಡುವೆ ಒಂದು ಗುಟುಕು ಬೇಕೇ ಬೇಕು. ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡವರು ಇಂಥ ಮನೆಗೆ ಆಸ್ಪತ್ರೆಯಿಂದ ಒಂದು ಹಾಳೆ ತರುತ್ತಾರೆ. ಗುಳಿಗೆಗಳ ಪಟ್ಟಿಯ ಕೆಳಗೆ ಒಂದು ಸಾಲು: ಊಟದ ಜೊತೆ ನೀರು ಬೇಡ, ಉಂಡು ಅರ್ಧ ಗಂಟೆಯಾದ ಮೇಲೆ ಕುಡಿಯಿರಿ.

‘ನೀರು ಕುಡೀದ ರೊಟ್ಟಿ ಹ್ಯಾಂಗ ಇಳೀತೈತಿ?’ ಎಂದು ಮನೆಯ ಹಿರಿಯರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಅದಕ್ಕೊಂದು ಸಿದ್ಧ ಉತ್ತರವೂ ಇದೆ. ನೀರು ಅನ್ನವನ್ನು ಕೊಚ್ಚಿಕೊಂಡು ಹೋಗುತ್ತದೆ, ಬೇಗ ಹಸಿವಾಗುತ್ತದೆ, ಇಳಿದ ತೂಕ ಮತ್ತೆ ಏರುತ್ತದೆ. ಈ ಉತ್ತರದಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ಊಹೆ.

ಮೊದಲು ಒಂದು ಗೊಂದಲ ತೆಗೆಯಬೇಕು. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ತೀರಿಕೊಂಡಾಗಿನಿಂದ ‘ತೂಕದ ಆಪರೇಷನ್’ ಎಂದರೆ ಜನ ಅದನ್ನೇ ನೆನೆಯುತ್ತಾರೆ. ಅದು ಚರ್ಮದ ಕೆಳಗಿನ ಕೊಬ್ಬಿನ ಕೆಲಸ, ಜಠರದ ತಂಟೆಗೇ ಹೋಗುವುದಿಲ್ಲ. ಇಲ್ಲಿ ಹೇಳುತ್ತಿರುವ ಬ್ಯಾರಿಯಾಟ್ರಿಕ್ ಶಸ್ತ್ರಚಿಕಿತ್ಸೆ ಜಠರವನ್ನೇ ಸಣ್ಣದು ಮಾಡುವಂಥದ್ದು.

ಜಠರವನ್ನು ಒಂದು ಕೆರೆ ಅಂದುಕೊಳ್ಳಿ. ಸವಣೂರಿನ ಮೋತಿ ತಲಾಬ್ ನೋಡಿದವರಿಗೆ, ಹಾನಗಲ್ಲ ತಾಲೂಕಿನ ಕೆರೆಗಳ ಕೆಳಗೆ ಭತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆಗೆ ಕೆಳಗೊಂದು ತೂಬು, ತೂಬಿನಾಚೆ ಕಾಲುವೆ, ತುಂಬಿದರೆ ಹೊರಬೀಳಲು ಮೇಲೊಂದು ಕೋಡಿ. ಜಠರದ ಕೆಳತುದಿಯಲ್ಲಿರುವ ಪೈಲೋರಸ್ ಎಂಬ ಬಿಗಿ ಸ್ನಾಯುವೇ ತೂಬು, ಸಣ್ಣ ಕರುಳು ಕಾಲುವೆ. ತಿಂದದ್ದು ಒಂದೆರಡು ಮಿಲಿಮೀಟರಿಗಿಂತ ಸಣ್ಣಗೆ ನುರಿಯುವವರೆಗೆ ತೂಬು ಬಿಡುವುದಿಲ್ಲ. ನೀರಿಗೆ ಮಾತ್ರ ಯಾವ ತಡೆಯೂ ಇಲ್ಲ. ಗಟ್ಟಿ ಊಟದ ಅರ್ಧದಷ್ಟು ಖಾಲಿಯಾಗಲು ಸುಮಾರು ಎರಡು ತಾಸು ಬೇಕಾದರೆ, ಬರೀ ಹೊಟ್ಟೆಗೆ ಕುಡಿದ ನೀರು ಹತ್ತಿಪ್ಪತ್ತು ನಿಮಿಷದಲ್ಲಿ ಅರ್ಧ ಹರಿದುಹೋಗಿರುತ್ತದೆ.

ಸ್ಲೀವ್ ಎಂಬ ಶಸ್ತ್ರಚಿಕಿತ್ಸೆಯಲ್ಲಿ ಈ ಕೆರೆಯ ಮುಕ್ಕಾಲು ಪಾಲನ್ನು ಕತ್ತರಿಸಿ ತೆಗೆದು, ಬಾಳೆಕಾಯಿಯಷ್ಟು ಉದ್ದದ ಕೊಳವೆಯನ್ನು ಉಳಿಸುತ್ತಾರೆ. ಲೀಟರಿನಷ್ಟು ಹಿಡಿಯುತ್ತಿದ್ದ ಜಾಗ 100ರಿಂದ 150 ಮಿಲಿಲೀಟರಿಗೆ ಇಳಿಯುತ್ತದೆ. ತೂಬು ಹಾಗೇ ಇದೆ, ಕೆರೆಯ ಒತ್ತಡ ಮಾತ್ರ ಹೆಚ್ಚಿದೆ. ರೊಟ್ಟಿ ತುಂಬಿಕೊಂಡಿರುವಾಗ ಮೇಲಿಂದ ನೀರು ಸುರಿದರೆ ಕೋಡಿ ಬೀಳುತ್ತದೆ, ಅಂದರೆ ಅನ್ನನಾಳಕ್ಕೆ ಮರಳುತ್ತದೆ: ಎದೆ ಹಿಡಿದಂತಾಗುವುದು, ನೊರೆನೊರೆ ವಾಂತಿ. ಬೈಪಾಸ್ ಎಂಬ ಇನ್ನೊಂದು ಶಸ್ತ್ರಚಿಕಿತ್ಸೆಯ ಕಥೆ ಬೇರೆ. ಅಲ್ಲಿ ಕೆರೆಯ ಮೇಲ್ತುದಿಯಲ್ಲಿ 30 ಮಿಲಿಲೀಟರಿನಷ್ಟು ಸಣ್ಣ ಹೊಂಡ ಕಟ್ಟಿ, ಕಾಲುವೆಯನ್ನು ನೇರವಾಗಿ ಅದಕ್ಕೇ ಜೋಡಿಸುತ್ತಾರೆ. ತೂಬೇ ದಾರಿಯಲ್ಲಿಲ್ಲ.

ನೀರು ಬೇಗ ಹೋಗುತ್ತದೆಂದು ಕಣ್ಣಾರೆ ಕಂಡು ಬರೆದಿಟ್ಟವನು ಅಮೆರಿಕದ ಸೇನಾ ವೈದ್ಯ ವಿಲಿಯಂ ಬೋಮಾಂಟ್. 1822ರ ಜೂನ್ 6ರಂದು ಮ್ಯಾಕಿನಾ ದ್ವೀಪದ ಅಂಗಡಿಯೊಂದರಲ್ಲಿ ಅಚಾನಕ್ಕಾಗಿ ಬಂದೂಕು ಹಾರಿ, ಅಲೆಕ್ಸಿ ಸೇಂಟ್ ಮಾರ್ಟಿನ್ ಎಂಬ ಕೆನಡಾದ ಕೂಲಿಯಾಳಿನ ಪಕ್ಕೆ ಒಡೆಯಿತು. ಆತ ಬದುಕಿದ, ಗಾಯ ಮಾತ್ರ ಪೂರ್ತಿ ಮುಚ್ಚಲಿಲ್ಲ. ಹೊಟ್ಟೆಯ ಮೇಲೆ, ನೇರ ಜಠರಕ್ಕೆ ತೆರೆಯುವ ಒಂದು ಕಿಂಡಿ ಉಳಿಯಿತು. ಬೋಮಾಂಟ್ ಆತನನ್ನು ಮನೆಗೆಲಸಕ್ಕೆ ಇಟ್ಟುಕೊಂಡು, ರೇಷ್ಮೆ ದಾರಕ್ಕೆ ಮಾಂಸದ ತುಂಡು, ಬ್ರೆಡ್ಡು, ಕೋಸಿನೆಲೆ ಕಟ್ಟಿ ಕಿಂಡಿಯೊಳಗೆ ಇಳಿಬಿಡುವುದು, ತಾಸಿಗೊಮ್ಮೆ ಎಳೆದು ನೋಡುವುದು ಹೀಗೆ 238 ಪ್ರಯೋಗ ಮಾಡಿ 1833ರಲ್ಲಿ ಪುಸ್ತಕ ಪ್ರಕಟಿಸಿದ. ನೀರು, ಮದ್ಯದಂಥ ದ್ರವಗಳು ಜಠರರಸದ ಹಂಗಿಲ್ಲದೆ ಸ್ವಲ್ಪ ಹೊತ್ತಿನಲ್ಲೇ ಹೊರಟುಹೋಗುತ್ತವೆ ಎಂಬ ಮಾತು ಅದರಲ್ಲಿದೆ. ಹೆಸರು ವೈದ್ಯನಿಗೆ ಬಂತು, ನೋವು ಆಳಿನ ಪಾಲಾಯಿತು. ನಡುವೆ ಆತ ಕೆನಡಾಕ್ಕೆ ಓಡಿಹೋದದ್ದೂ ಉಂಟು. ಕೊನೆಗೆ ವೈದ್ಯ ತೀರಿಕೊಂಡು 27 ವರ್ಷವಾದ ಮೇಲೆ 1880ರಲ್ಲಿ ಆತ ಸತ್ತಾಗ, ಡಾಕ್ಟರುಗಳ ಕೈಗೆ ದೇಹ ಸಿಗಬಾರದೆಂದು ಮನೆಯವರು ಅದನ್ನು ಕೊಳೆಯಲು ಬಿಟ್ಟು ಆಳವಾದ ಗುಂಡಿಯಲ್ಲಿ ಹೂಳಿದರು.

ಬೋಮಾಂಟನ ಕಿಂಡಿಯ ಬದಲು ಈಗ ಎಂಆರ್‌ಐ ಇದೆ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದವರು 2012ರಲ್ಲಿ ಪ್ರಕಟಿಸಿದ ಪ್ರಯೋಗವೊಂದು ಈ ಚರ್ಚೆಗೆ ಹೇಳಿ ಮಾಡಿಸಿದಂತಿದೆ. ಆರೋಗ್ಯವಂತರಿಗೆ ಒಂದು ದಿನ ಗಟ್ಟಿ ಊಟ ಮತ್ತು ಒಂದು ಲೋಟ ನೀರು, ಇನ್ನೊಂದು ದಿನ ಅದೇ ಊಟ, ಅದೇ ನೀರು, ಆದರೆ ಮಿಕ್ಸಿಯಲ್ಲಿ ಅರೆದ ಸೂಪು. ಪ್ರತ್ಯೇಕ ಕುಡಿದ ನೀರು ಊಟವನ್ನು ಹಿಂದೆ ಬಿಟ್ಟು ಬೇಗ ಜಾರಿತು. ಅರೆದ ಸೂಪಿನಲ್ಲಿ ನೀರು ಬೇರೆಯಾಗಲು ಆಗದೆ ಜಠರ ಹೆಚ್ಚು ಹೊತ್ತು ತುಂಬಿತ್ತು, ಹಸಿವೂ ತಡವಾಯಿತು. ಗಮನಿಸಿ: ನೀರು ತಾನು ಹೋಯಿತು, ಊಟವನ್ನು ಕೊಚ್ಚಿಕೊಂಡು ಹೋಗಲಿಲ್ಲ. ಆಪರೇಷನ್ ಆಗದ ಜಠರದಲ್ಲಂತೂ ‘ಕೊಚ್ಚಿಕೊಂಡು ಹೋಗುವ’ ವಾದ ನಿಲ್ಲುವುದಿಲ್ಲ.

ತೂಬಿಲ್ಲದ ಬೈಪಾಸಿನಲ್ಲಿ ಅದಕ್ಕೆ ಸ್ವಲ್ಪ ಬಲವಿದೆ. ಆ ಆಪರೇಷನ್ ಹುಟ್ಟಿದ್ದೇ ಹುಣ್ಣಿನ ಚಿಕಿತ್ಸೆಯಿಂದ. ಹುಣ್ಣಿಗೆಂದು ಜಠರದ ಭಾಗ ಕತ್ತರಿಸಿಕೊಂಡವರ ತೂಕ ಏರುವುದೇ ಇಲ್ಲ ಎಂಬುದನ್ನು ಗಮನಿಸಿದ ಅಯೋವಾ ವಿಶ್ವವಿದ್ಯಾಲಯದ ಎಡ್ವರ್ಡ್ ಮೇಸನ್, ಚಿಕಾಶಿ ಇಟೊ ಜೊತೆಗೂಡಿ 1966ರಲ್ಲಿ ಮೊದಲ ಗ್ಯಾಸ್ಟ್ರಿಕ್ ಬೈಪಾಸ್ ಮಾಡಿದರು. ಹುಣ್ಣಿನ ರೋಗಿಗಳ ಇನ್ನೊಂದು ಕಾಟವೂ ಅದರ ಜೊತೆ ಬಂತು. ಸಕ್ಕರೆ ತುಂಬಿದ್ದು ಒಮ್ಮೆಲೇ ಕರುಳಿಗೆ ಬಿದ್ದರೆ ಅರ್ಧ ತಾಸಿನೊಳಗೆ ಬೆವರು, ಎದೆಬಡಿತ, ಭೇದಿ. ಇದೇ ಡಂಪಿಂಗ್. ಘನ, ದ್ರವ ಆಹಾರಗಳನ್ನು ಬೇರೆ ಬೇರೆ ಹೊತ್ತಿಗೆ ತೆಗೆದುಕೊಳ್ಳಿ ಎನ್ನುವುದು ಡಂಪಿಂಗಿಗೆ ಹಿಂದಿನಿಂದ ಹೇಳುತ್ತ ಬಂದ ಉಪಾಯ. ಆದರೂ ಇಲ್ಲಿ ನಿಜವಾದ ಅಪರಾಧಿ ತಂಬಿಗೆಯ ನೀರಿಗಿಂತ ಹೆಚ್ಚಾಗಿ ಕಬ್ಬಿನ ಹಾಲು, ಶರಬತ್ತು, ಮೂರು ಚಮಚ ಸಕ್ಕರೆಯ ಚಹಾ.

ಹಾಗಾದರೆ ಅರ್ಧ ಗಂಟೆಯ ನಿಯಮದ ಹಿಂದೆ ಎಷ್ಟು ಪುರಾವೆ ಇದೆ? ಅಮೆರಿಕದ ಮೂರು ವೈದ್ಯ ಸಂಘಗಳು ಸೇರಿ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಈ ಸಲಹೆಯಿದೆ: ನಿಧಾನವಾಗಿ, ಸಾಧ್ಯವಾದಷ್ಟು ಊಟದ ಅರ್ಧ ಗಂಟೆಯ ನಂತರ ಕುಡಿಯಬೇಕು, ದಿನಕ್ಕೆ ಒಂದೂವರೆ ಲೀಟರಿಗಿಂತ ಹೆಚ್ಚಾಗಬೇಕು. ಪುರಾವೆಯ ಬಲ ಸೂಚಿಸುವ ಎ, ಬಿ, ಸಿ, ಡಿ ದರ್ಜೆಗಳಲ್ಲಿ ಇದಕ್ಕೆ ಸಿಕ್ಕಿದ್ದು ಡಿ, ಅಂದರೆ ಕಟ್ಟಕಡೆಯದು. ಕೊಟ್ಟ ಕಾರಣವೂ ಹೊಟ್ಟೆಯ ತೊಂದರೆ ತಪ್ಪಿಸುವುದು. ತೂಕ ಮತ್ತೆ ಏರುತ್ತದೆಂಬ ಬೆದರಿಕೆ ಆ ಸಾಲಿನಲ್ಲಿಲ್ಲ, ಅದು ಬಾಯಿಂದ ಬಾಯಿಗೆ ಬೆಳೆದದ್ದು.

ಇಷ್ಟು ಹೇಳಿದರೆ ‘ನಮ್ಮ ಆಯುರ್ವೇದ ಮೊದಲೇ ಹೇಳಿತ್ತು’ ಎನ್ನುವವರೂ ಸಿಗುತ್ತಾರೆ. ವಾಗ್ಭಟನ ಅಷ್ಟಾಂಗಹೃದಯದ ಪ್ರಕಾರ ಊಟದ ಮೊದಲು ನೀರು ಕುಡಿದರೆ ಕೃಶ, ಕೊನೆಗೆ ಕುಡಿದರೆ ಸ್ಥೂಲ, ನಡುವೆ ಕುಡಿದರೆ ಸಮ. ಅಂದರೆ ಆತ ತಡಸದ ತಂಬಿಗೆಯ ಪಕ್ಷವೇ! ಆದರೆ ಆತನ ಮುಂದಿದ್ದದ್ದು ಕತ್ತರಿ ಕಾಣದ ಜಠರ. ಈ ಜಗಳಕ್ಕೆ ಆತನನ್ನು ಸಾಕ್ಷಿಗೆ ಕರೆಯುವುದು ಸರಿಯಲ್ಲ.

ಮೊದಲ ತಿಂಗಳುಗಳಲ್ಲಿ ನಿಯಮ ಪಾಲಿಸುವುದೇ ಒಳ್ಳೆಯದು, ಜಾಗವೇ ಇಲ್ಲವಲ್ಲ. ಗಟ್ಟಿ ರೊಟ್ಟಿ, ಉದುರುದುರು ಅನ್ನ, ಒಣಗಿದ ಮಾಂಸ ಇವೇ ಸಿಕ್ಕಿಕೊಳ್ಳುವ ಪದಾರ್ಥಗಳು. ಸಿಕ್ಕಿಕೊಂಡಾಗ ನೀರು ಕುಡಿದು ದೂಡಲು ಹೋದರೆ ಕೋಡಿ ಬೀಳುವುದು ಖಚಿತ. ಮೊಳಕೆ ಕಾಳಿನ ಪಲ್ಯದ ರಸದಲ್ಲಿ ನೆನೆಸಿದ ಮೆತ್ತನೆಯ ಬಿಸಿರೊಟ್ಟಿ, ಮೊಸರಿನಲ್ಲಿ ಕಲಸಿದ ನುಚ್ಚು, ಚೆನ್ನಾಗಿ ಅಗಿದು, ತುತ್ತು ಸಣ್ಣದು ಮಾಡಿ ಉಂಡರೆ ತಂಬಿಗೆಯ ಹಂಬಲ ಅಷ್ಟಾಗಿ ಕಾಡದು. ತುತ್ತಿನೊಳಗೇ ಇರುವ ತೇವದ ಬಗ್ಗೆ ಯಾರ ತಕರಾರೂ ಇಲ್ಲ.

ನಿಯಮವನ್ನು ಅತಿಯಾಗಿ ಪಾಲಿಸುವುದರಲ್ಲಿ ಅಪಾಯವಿದೆ. ಈ ಆಪರೇಷನ್ ಆದವರು ಮತ್ತೆ ಆಸ್ಪತ್ರೆ ಸೇರಲು ನಿರ್ಜಲೀಕರಣ ಒಂದು ಸಾಮಾನ್ಯ ಕಾರಣ. ‘ಕುಡಿಯಬೇಡ’ ಎಂಬುದು ನೆನಪಿರುತ್ತದೆ, ‘ಒಂದೂವರೆ ಲೀಟರು’ ಮರೆಯುತ್ತದೆ. ಒಮ್ಮೆಗೆ ಲೋಟ ಎತ್ತಿ ಗಟಗಟ ಕುಡಿಯುವ ಶಕ್ತಿ ಈಗಿಲ್ಲ. ಎಚ್ಚರವಿರುವ ಹನ್ನೆರಡು ತಾಸಿನಲ್ಲಿ ತಾಸಿಗೆ 125 ಮಿಲಿಲೀಟರು, ಅದೂ ಗುಟುಕು ಗುಟುಕಾಗಿ ಕುಡಿದರೆ ಲೆಕ್ಕ ಸರಿಹೋಗುತ್ತದೆ. ಏಪ್ರಿಲಿನ ಬಿಸಿಲಲ್ಲಿ ಹೊಲಕ್ಕೆ ಹೋಗುವವರಿಗೆ ಅದೂ ಸಾಲದು. ನೀರುಮಜ್ಜಿಗೆ ಈ ಲೆಕ್ಕಕ್ಕೆ ಸೇರುತ್ತದೆ. ಸೋಡಾ ಬೇಡ.

ವಾಂತಿ ದಿನಗಟ್ಟಲೆ ನಿಲ್ಲದಿದ್ದರೆ ಮಾತ್ರ ವಿಷಯ ಬೇರೆ. ದೇಹದಲ್ಲಿ ಥಯಮಿನ್, ಅಂದರೆ ಬಿ1 ವಿಟಮಿನ್ ಶೇಖರಣೆ ಕೆಲವೇ ವಾರಗಳಷ್ಟು. ಅದು ಬರಿದಾದರೆ ಕಣ್ಣಗುಡ್ಡೆ ಅದುರುತ್ತದೆ, ನಡಿಗೆ ತಪ್ಪುತ್ತದೆ, ಬುದ್ಧಿಗೆ ಮಂಕು ಕವಿಯುತ್ತದೆ. ಸುಸ್ತಾಗಿದೆ ಎಂದು ಹತ್ತಿರದ ದವಾಖಾನೆಗೆ ಹೋದರೆ ಅಲ್ಲಿ ಮೊದಲು ಏರಿಸುವುದು ಗ್ಲುಕೋಸ್ ಬಾಟಲಿ. ದೇಹ ಗ್ಲುಕೋಸ್ ಬಳಸಿಕೊಳ್ಳಲು ಥಯಮಿನ್ ಬೇಕು. ಅದಿಲ್ಲದೆ ಬಾಟಲಿ ಏರಿಸಿದರೆ ಮಿದುಳಿನ ಹಾನಿ ಇನ್ನೂ ಬೇಗ ಆಗಬಹುದು. ಸೂಜಿ ಚುಚ್ಚುವ ಮೊದಲೇ ‘ಹೊಟ್ಟಿ ಸಣ್ಣ ಮಾಡೋ ಆಪರೇಷನ್ ಆಗೇತ್ರಿ’ ಎಂದು ಹೇಳಿ, ಆಸ್ಪತ್ರೆಯ ಹಾಳೆ ತೋರಿಸಿ, ಮೊದಲು ಥಯಮಿನ್ ಕೊಡಲು ಕೇಳಬೇಕು. ಆಪರೇಷನ್ ಮಾಡಿದ ಡಾಕ್ಟರಿಗೂ ಆಗಲೇ ಫೋನ್ ಹಚ್ಚಬೇಕು.