ಕಾರು ಎಷ್ಟು ತಗ್ಗಿಸಿದರೆ ಸಾಕು?

ಕಾರು ನೆಲಕ್ಕೆ ಹತ್ತಿರ ಆದಷ್ಟೂ
ತಿರುವಿನಲ್ಲಿ ಚೆನ್ನಾಗಿ ಓಡುತ್ತಾ?
ಒಂದು ಹಂತದವರೆಗೆ ಹೌದು.
ಆಮೇಲೆ ಉಲ್ಟಾ!

ಟೊಯೋಟಾ 86 ನೋಡಿ.
ಬಾಕ್ಸರ್ ಎಂಜಿನ್. ಭಾರ ಮೊದಲೇ ಕೆಳಗಿದೆ.
ಸ್ವಲ್ಪ ತಗ್ಗಿಸಿದರೆ ತಿರುವಿನಲ್ಲಿ ಇನ್ನೂ ಸ್ಥಿರ.

ತುಂಬಾ ತಗ್ಗಿಸಿದರೆ?
ಸಸ್ಪೆನ್ಷನ್ ಕುಗ್ಗೋಕೆ ಜಾಗವೇ ಉಳಿಯಲ್ಲ.

ಎತ್ತರದಿಂದ ಹಾರುವಾಗ ಮಂಡಿ ಬಗ್ಗಿಸ್ತೀವಲ್ಲ?
ಮೊದಲೇ ಕುಕ್ಕರಗಾಲಲ್ಲಿ ಕೂತು ಹಾರಿದರೆ,
ಪೆಟ್ಟು ಸೀದಾ ಬೆನ್ನಿಗೆ!

ಇಲ್ಲೂ ಅಷ್ಟೇ.
ಗುಂಡಿ ಸಿಕ್ಕ ತಕ್ಷಣ
ಸಸ್ಪೆನ್ಷನ್ ತನ್ನ ಕೊನೆಯ ತಡೆಗೆ, ಅಂದ್ರೆ
ಬಂಪ್ ಸ್ಟಾಪ್‌ಗೆ, ಢಬ್ ಅಂತ ಬಡಿಯುತ್ತೆ.
ಟೈರಿನ ಹಿಡಿತ ತಪ್ಪುತ್ತೆ.

ಅತಿಯಾಗಿದೆಯಾ ಅಂತ ತಿಳಿಯೋಕೆ
ಮುಂದಿನ ಚಕ್ರದ ಹಿಂದೆ ಬಗ್ಗಿ ನೋಡಿ.
ಸಸ್ಪೆನ್ಷನ್‌ನ ಕೆಳಗಿನ ಆರ್ಮ್ ಕಾಣ್ತಾ?
ಚಕ್ರದ ಕಡೆಯ ತುದಿ
ಒಳತುದಿಗಿಂತ ಮೇಲೆದ್ದಿದೆಯಾ?
ಹಾಗಿದ್ರೆ ಅತಿಯಾಯ್ತು.
ತಿರುವಿನಲ್ಲಿ ವಾಲೋ ಗುಣ ಹೆಚ್ಚುತ್ತೆ.
ತಡೆಯೋಕೆ ಇನ್ನೂ ಗಟ್ಟಿ ಸ್ಪ್ರಿಂಗ್ ಬೇಕಾಗುತ್ತೆ.

ದಿನಾ ರಸ್ತೆಯಲ್ಲಿ ಓಡಿಸೋ ಕಾರಾ?
20ರಿಂದ 25 ಮಿಲಿಮೀಟರ್ ಸಾಕು.
ಹೆಚ್ಚೆಂದರೆ ಒಂದು ಇಂಚು.

ತಗ್ಗಿಸಿದ ಮೇಲೆ
ವೀಲ್ ಅಲೈನ್‌ಮೆಂಟ್ ಮಾಡಿಸಲೇಬೇಕು.
ಇಲ್ಲಾಂದ್ರೆ ಟೈರಿನ ಒಳಅಂಚು ಬೇಗ ಸವೆಯುತ್ತೆ.

ಫೋಟೊ ನೋಡಿ ಆಸೆಪಡಬೇಡಿ.
ನೀವು ದಿನಾ ಓಡಿಸೋ ರಸ್ತೆ ನೋಡಿ,
ಎತ್ತರ ನಿರ್ಧರಿಸಿ.